ಮುಂಬಯಿ ಬಿಡುವ ಮುನ್ನ ಉಳಿದಿದ್ದ ನಾಲ್ಕು ದಿನ

ಹದಿನಾಲ್ಕು ವರ್ಷ ಡೊಂಬಿವಲಿಯಿಂದ ಫೋರ್ಟಿನ ಕಚೇರಿಗೆ ಲೋಕಲ್ ರೈಲಿನಲ್ಲಿ ಓಡಾಡಿದ ನಾನು, ಧಾರವಾಡಕ್ಕೆ ಮರಳುವ ದಿನ ನಿಶ್ಚಯವಾದ ಮೇಲಷ್ಟೇ ಮುಂಬಯಿಯನ್ನು ನೋಡಲು ಹೊರಟೆ. ಕಚೇರಿಯ ಕೆಲಸ ಮುಗಿದಿತ್ತು. ಊರಿನ ರೈಲು ಹತ್ತಲು ಶನಿವಾರದಿಂದ ಮಂಗಳವಾರದವರೆಗೆ ನಾಲ್ಕು ದಿನಗಳಿದ್ದವು. ನೋಡದೆ ಉಳಿದ ಸ್ಥಳಗಳನ್ನು ಪತ್ನಿಯೊಡನೆ ಕುಳಿತು ಪಟ್ಟಿ ಮಾಡಿದಾಗ ಅವು ಇಪ್ಪತ್ತನ್ನು ದಾಟಿದವು. ಎಲ್ಲವನ್ನೂ ಮುಟ್ಟಿ ಬರುವುದಕ್ಕಿಂತ ನಾಲ್ಕೈದನ್ನು ಕಣ್ತುಂಬ ನೋಡುವುದೇ ಸರಿಯೆಂದು, ದಿನಕ್ಕೊಂದು ದಿಕ್ಕನ್ನು ಇಟ್ಟುಕೊಂಡು ಉಳಿದವುಗಳ ಮೇಲೆ ಗೆರೆ ಎಳೆದೆವು.

ಶನಿವಾರ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಎದುರಿಗೆ ಅರ್ಧ ಗಂಟೆ ಸುಮ್ಮನೆ ನಿಂತೆವು. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ, 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿದ ಆ ಕಟ್ಟಡದೊಳಗಿಂದ ನಾನು ದಿನವೂ ಹೊರಬಿದ್ದವನೇ. ಆದರೆ ಗುಮ್ಮಟದ ತುದಿಯಲ್ಲಿ ಬಲಗೈಯಲ್ಲಿ ಪಂಜು, ಎಡಗೈಯಲ್ಲಿ ಚಕ್ರ ಹಿಡಿದು ನಿಂತ ಹೆಣ್ಣಿನ ಮೂರ್ತಿಯನ್ನಾಗಲಿ, ಗೇಟಿನ ಕಂಬಗಳ ಮೇಲೆ ಬ್ರಿಟನ್ನಿನ ಸಂಕೇತವಾದ ಸಿಂಹ ಮತ್ತು ಭಾರತದ ಸಂಕೇತವಾದ ಹುಲಿ ಕುಳಿತಿರುವುದನ್ನಾಗಲಿ ತಲೆಯೆತ್ತಿ ನೋಡಿರಲಿಲ್ಲ. ಸಂಜೆ ಓವಲ್ ಮೈದಾನಕ್ಕೆ ನಡೆದೆವು. ಪೂರ್ವಕ್ಕೆ ರಾಜಾಬಾಯಿ ಗೋಪುರ ಮತ್ತು ಹೈಕೋರ್ಟಿನ ಗಾಥಿಕ್ ಕಲ್ಲುಕಟ್ಟಡಗಳು, ಪಶ್ಚಿಮಕ್ಕೆ ದುಂಡನೆಯ ಬಾಲ್ಕನಿಗಳ ಆರ್ಟ್ ಡೆಕೊ ಮನೆಗಳು: 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಎರಡು ಸಾಲುಗಳನ್ನು ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಂತರೆ ಒಟ್ಟಿಗೆ ಕಾಣಬಹುದು.

ಭಾನುವಾರ ಸಾಮಾನು ಕಟ್ಟುವುದರಲ್ಲೇ ಕಳೆಯಿತು. ಮಧ್ಯಾಹ್ನ ಮಾತ್ರ ಮಾಟುಂಗಾಕ್ಕೆ ಹೋಗಿ ಬಾಳೆಲೆ ಊಟ ಮಾಡಿ ಬಂದೆವು.

ಸೋಮವಾರ ಎಲಿಫೆಂಟಾಗೆ ಹೋಗಲು ಬೆಳಿಗ್ಗೆಯೇ ಗೇಟ್‌ವೇ ಆಫ್ ಇಂಡಿಯಾ ತಲುಪಿದರೆ, ಸೋಮವಾರ ಗುಹೆಗಳಿಗೆ ರಜೆಯೆಂದು ಅಲ್ಲಿನವರು ತಿಳಿಸಿದರು. ವಾರದ ರಜೆಯನ್ನು ವಿಚಾರಿಸದೆ ದಿನ ಗೊತ್ತುಮಾಡಿದ್ದು ನನ್ನ ತಪ್ಪು. ಕೊನೆಯ ದಿನಗಳಲ್ಲಿ ಊರು ನೋಡುವವರು ಮೊದಲು ಕೇಳಿಕೊಳ್ಳಬೇಕಾದದ್ದು ಅದನ್ನೇ. ಪಟ್ಟಿಯಲ್ಲಿದ್ದ ಭಾಯಖಳಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೆ ಬುಧವಾರ ರಜೆಯೆಂಬುದು ಖಚಿತವಾದ ಮೇಲೆ ಲೋಕಲ್ ಹಿಡಿದು ಅತ್ತ ಹೋದೆವು. ಎಲಿಫೆಂಟಾಗೆ ಆ ಹೆಸರು ಬರಲು ಕಾರಣವಾದ ಕಲ್ಲಾನೆ ಅಲ್ಲಿನ ತೋಟದಲ್ಲಿದೆ. ದ್ವೀಪದಲ್ಲಿ ಅದನ್ನು ಕಂಡು ಪೋರ್ಚುಗೀಸರು ಆ ಹೆಸರಿಟ್ಟರು. 1864ರಲ್ಲಿ ಸಾಗಿಸಲೆಂದು ಎತ್ತುವಾಗ ಒಡೆದುಹೋದ ಅದನ್ನು 1914ರಲ್ಲಿ ಮತ್ತೆ ಜೋಡಿಸಿದರು. ಕಪ್ಪು ಕಲ್ಲು ಸವೆದು ಮುಖದ ಗೆರೆಗಳು ಅಳಿಸಿವೆ. ನನ್ನಾಕೆ ಅದರ ಎದುರು ನಿಂತು, "ಪಾಪ, ಇದೂ ಊರು ಬಿಟ್ಟು ಬಂದದ್ದೇ ಅಲ್ಲವೇನ್ರೀ" ಎಂದಳು.

ಮಂಗಳವಾರ ಎಲಿಫೆಂಟಾಗೆ ಹೊರಡುವ ಮೊದಲ ದೋಣಿಯನ್ನೇ ಹತ್ತಿದೆವು. ಐಹೊಳೆಯ ಮೇಗುಟಿಯಲ್ಲಿರುವ 634ರ ಶಾಸನದಲ್ಲಿ, ಇಮ್ಮಡಿ ಪುಲಿಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಾದ ಪುರಿಯನ್ನು ಮದಗಜಗಳಂಥ ನೂರಾರು ಹಡಗುಗಳಿಂದ ಮುತ್ತಿದನೆಂದು ಕವಿ ರವಿಕೀರ್ತಿ ಹೇಳುತ್ತಾನೆ. ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಎನ್ನುವ ವಿದ್ವಾಂಸರೂ ಇದ್ದಾರೆ. ಐಹೊಳೆಯಲ್ಲಿ ಆ ಕಲ್ಲನ್ನು ಕಂಡಿದ್ದ ನನಗೆ, ಸುಮಾರು ಒಂದು ಗಂಟೆಯ ಆ ಪಯಣದುದ್ದಕ್ಕೂ ಅದೇ ಸಾಲು ನೆನಪಾಗುತ್ತಿತ್ತು.

ಮೆಟ್ಟಿಲೇರಿ ದೊಡ್ಡ ಗುಹೆಯನ್ನು ಹೊಕ್ಕಾಗ ಹಿಂದಿನ ಗೋಡೆಯ ಸದಾಶಿವ ಮೊದಲಿಗೆ ಕಾಣಲಿಲ್ಲ; ಕಂಬಗಳ ನಡುವಿನ ಕತ್ತಲೆಗೆ ಕಣ್ಣು ಹೊಂದಿಕೊಂಡಂತೆ ಆರು ಮೀಟರಿನಷ್ಟು ಎತ್ತರದ ಮೂರು ಮುಖಗಳು ನಿಧಾನವಾಗಿ ತೋರಿದವು. ನಮ್ಮ ಎಡಕ್ಕೆ ಮೀಸೆ ಹೊತ್ತ, ಹಾವು ಹಿಡಿದ ಅಘೋರ. ಬಲಕ್ಕೆ ತಾವರೆ ಹಿಡಿದ ಮೃದುವಾದ ವಾಮದೇವ. ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಬಾದಾಮಿಯ ಗುಹೆಗಳಲ್ಲಿ ಬಂಡೆಯಿಂದ ಹೊರಕ್ಕೆ ಚಿಮ್ಮುವಂತಿರುವ ನಟರಾಜನನ್ನು ನೋಡುತ್ತ ಬೆಳೆದವನಿಗೆ ಈ ನಿಶ್ಚಲತೆ ಹೊಸದು. ದೋಣಿಯೊಂದರಿಂದ ಇಳಿದ ಗುಂಪು ಬಂದು ಫೋಟೊ ತೆಗೆಸಿಕೊಂಡು ಹೋಯಿತು, ಆಮೇಲೆ ಮತ್ತೊಂದು. ನಡುವೆ ಸಿಗುತ್ತಿದ್ದ ಬಿಡುವಿನಲ್ಲಿ ಗುಹೆ ಪೂರ್ತಿ ಮೌನವಾಗುತ್ತಿತ್ತು. ರಾತ್ರಿಯ ರೈಲಿಗೆ ಇನ್ನೂ ಸಮಯವಿದ್ದುದರಿಂದ ಬೇರೆ ಗುಹೆಗಳಿಗೆ ಹೋಗದೆ, ವಾಮದೇವನ ಮುಖ ಚೆನ್ನಾಗಿ ಕಾಣುವ ಕಂಬವೊಂದರ ಬುಡದಲ್ಲಿ ಇಬ್ಬರೂ ಮಧ್ಯಾಹ್ನದವರೆಗೆ ಕುಳಿತಿದ್ದೆವು.