ಬಾಕ್ಸ್ ತರೋ ಮೊದಲು ಟಿವಿಯ ಬೆನ್ನು ನೋಡಿ

ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ಅಂತ ಸೆಟ್‌ಟಾಪ್ ಬಾಕ್ಸ್ ಕೊಳ್ಳೋಕೆ ಹೊರಟವರು ಒಂದು ನಿಮಿಷ ನಿಲ್ಲಿ. ಟಿವಿ ಹಿಂದೆ 'ಎಲ್‌ಎನ್‌ಬಿ ಇನ್' ಅಥವಾ 'ಸ್ಯಾಟಲೈಟ್' ಅಂತ ಬರೆದು, ಕೇಬಲ್ಲನ್ನ ತಿರುಗಿಸಿ ಬಿಗಿಯೋ ಪೋರ್ಟ್ ಇದೆಯಾ ನೋಡಿ (ಎಲ್‌ಎನ್‌ಬಿ ಅಂದರೆ ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯೋ ಪುಟ್ಟ ಸಾಧನ). ಇದ್ದರೆ ಉಪಗ್ರಹದ ಸಿಗ್ನಲ್ ಓದೋ ಟ್ಯೂನರ್ ಟಿವಿ ಒಳಗೇ ಇದೆ, ಬಾಕ್ಸ್ ಬೇಡ. ನಮ್ಮನೇಲಿ ಆ ಪೋರ್ಟ್ ಎರಡು ವರ್ಷ ಸುಮ್ಮನೆ ಧೂಳು ತಿಂತಾ ಇತ್ತು! ಪಕ್ಕದ ಆಂಟೆನಾ ಪೋರ್ಟ್ ಜೊತೆ ಗೊಂದಲ ಮಾಡ್ಕೋಬೇಡಿ, ಅದು ಬೇರೆ.

ಡಿಶ್ ಮಾತ್ರ ಬೇಕೇ ಬೇಕು. ಹಳೇ ಡಿಟಿಎಚ್ ಡಿಶ್ ಆದರೂ ನಡೆಯುತ್ತೆ, ಆದರೆ ಜಿಸ್ಯಾಟ್-15 ಉಪಗ್ರಹದ ಕಡೆ ತಿರುಗಿಸಬೇಕು: 93.5 ಡಿಗ್ರಿ ಪೂರ್ವ, ಬೆಂಗಳೂರಿಂದ ನೋಡಿದರೆ ಆಗ್ನೇಯ ದಿಕ್ಕು, ಸಾಕಷ್ಟು ಮೇಲಕ್ಕೆ. ಒಂದು ಕೂದಲೆಳೆ ಆಚೀಚೆ ಆದರೂ ಸಿಗ್ನಲ್ ಇಲ್ಲ, ಹಾಗಾಗಿ ಮಹಡಿ ಮೇಲೊಬ್ಬರು, ಟಿವಿ ಮುಂದೊಬ್ಬರು, ಕೈಲಿ ಫೋನು.

ಕೇಬಲ್ ಹಾಕೋವಾಗ ಟಿವಿ ಪ್ಲಗ್ ಕಿತ್ತಿಡಿ. ಆ ತಂತಿಯಲ್ಲೇ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುತ್ತೆ. ಆಮೇಲೆ ಮೆನುವಲ್ಲಿ ಎಲ್‌ಎನ್‌ಬಿ ಪವರ್ ಆನ್ ಮಾಡಿ, ಫ್ರೀಕ್ವೆನ್ಸಿ 9750/10600 ಇಟ್ಟು ಸ್ಕ್ಯಾನ್ ಕೊಡಿ. ಚಂದನ ಬರುತ್ತೆ, ತಿಂಗಳ ಬಿಲ್ಲಿಲ್ಲ. ದುಡ್ಡು ಕೊಟ್ಟು ನೋಡೋ ಚಾನೆಲ್‌ಗಳು ಮಾತ್ರ ಹೀಗೆ ಬರಲ್ಲ.