ಮೂಸೆಯನ್ನು ರಂಗಕ್ಕೆ ತರುವವರಿಗೆ

ಅಮೆರಿಕದ ಆರ್ಥರ್ ಮಿಲ್ಲರ್ ಬರೆದ ನಾಟಕ ‘ದಿ ಕ್ರೂಸಿಬಲ್’ ಆಡಿಸಲು ಹೊರಟವರು ಮೊದಲು ಹೆಸರಿನ ತಲೆಬಿಸಿ ಮುಗಿಸಿಕೊಳ್ಳಿ. ನಾನು ವಾರಗಟ್ಟಲೆ ‘ಅಗ್ನಿಪರೀಕ್ಷೆ’ ಅಂತ ಬರೆದು ಹೊಡೆದು ಹಾಕುತ್ತಿದ್ದೆ. ಅಪ್ಪ ಉಡುಪಿಯ ಹಳೇ ಅಕ್ಕಸಾಲಿ. ಊದುಕೊಳವೆ ಕೆಳಗಿಟ್ಟು, "ಚಿನ್ನ ಕರಗಿಸುವುದು ಯಾವುದರಲ್ಲಿ? ಮೂಸೆ ಅಂತಲೇ ಹೇಳು ಮಾರಾಯ. ಅಗ್ನಿಪರೀಕ್ಷೆ ಅಂದರೆ ಜನ ಸೀತೆಯನ್ನು ನೋಡಲಿಕ್ಕೆ ಬರ್ತಾರೆ" ಅಂದರು.

ಎರಡನೆಯದು ಹಕ್ಕು. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ, ನಮ್ಮ ಕಾನೂನಿನಲ್ಲಿ ಲೇಖಕ ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಅನುಮತಿ ಕೇಳಿಯೇ ಆಡಿ. ಹಾಲ್ ಬುಕ್ ಮಾಡಿದ ಮೇಲೆ ಕೇಳುವುದಲ್ಲ, ಮೊದಲೇ.

ಓದಿಗೆ ಕೂತ ದಿನ ಎರಡು ಕಾಲಗಳನ್ನೂ ನಟರ ಮುಂದಿಡಬೇಕು: ಕಥೆ ನಡೆಯುವ ಕಾಲ, ನಾಟಕ ಬರೆದ ಕಾಲ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರು. ಜೈಲ್ಸ್ ಕೋರಿ ಎಂಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. "ಅವಳ ಆತ್ಮ ಬಂದು ನನ್ನನ್ನು ಹಿಸುಕಿತು" ಎಂದರೂ ಕೋರ್ಟಿಗೆ ಸಾಕ್ಷಿಯೇ. ಒಪ್ಪಿಕೊಂಡವರ ಜೀವ ಉಳಿಯಿತು, ನೇಣಿಗೆ ಹೋದವರು ಇಲ್ಲವೆಂದವರು. 1950ರ ದಶಕದ ಅಮೆರಿಕದಲ್ಲಿ ಸಂಸತ್ತಿನ ಸಮಿತಿ ಕೇಳುತ್ತಿದ್ದದ್ದು ಕಮ್ಯುನಿಸ್ಟರ ಬಗ್ಗೆ. ನೀನು ಸೇರಿದ್ದೆಯಾ ಅನ್ನುವುದು ಪೀಠಿಕೆ ಮಾತ್ರ, ಅಸಲು ಪ್ರಶ್ನೆ, ಜೊತೆಗೆ ಯಾರ್ಯಾರಿದ್ದರು? ಮಿಲ್ಲರ್‌ನ ನಾಟಕಗಳನ್ನು ಆಡಿಸಿದ ಗೆಳೆಯ ಎಲಿಯಾ ಕಜಾನ್ 1952ರಲ್ಲಿ ಹೆಸರು ಕೊಟ್ಟ. 1953ರ ಜನವರಿಯಲ್ಲಿ ಈ ನಾಟಕ ರಂಗಕ್ಕೆ ಬಂತು. 1956ರಲ್ಲಿ ಮಿಲ್ಲರ್ ತಾನೇ ಆ ಸಮಿತಿಯ ಮುಂದೆ ಕೂತ. ತನ್ನ ಬಗ್ಗೆ ಕೇಳಿದ್ದಕ್ಕೆ ಉತ್ತರಿಸಿದ, ಬೇರೆಯವರ ಹೆಸರು ಹೇಳಲಿಲ್ಲ. ಮರುವರ್ಷ ತಪ್ಪಿತಸ್ಥನೆಂದಾಯಿತು, 1958ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು.

ಇಷ್ಟು ಸಾಕು. ಒಂದನ್ನು ಮಾತ್ರ ಬಿಡಬೇಡಿ: ನಾಟಕದಲ್ಲಿ ಮಾಟದ ಆರೋಪ ಹೊರಿಸುವ ಹುಡುಗಿಯರ ಮುಂದಾಳು ಅಬಿಗೈಲ್, ಆ ಆರೋಪಕ್ಕೆ ಸಿಕ್ಕುವ ರೈತ ಪ್ರಾಕ್ಟರ್. ನಿಜದ ಅಬಿಗೈಲ್ ಹನ್ನೊಂದು ಹನ್ನೆರಡರ ಹುಡುಗಿ, ಪ್ರಾಕ್ಟರ್ ಅರವತ್ತರ ಮುದುಕ. ಅವರಿಬ್ಬರ ನಡುವಿನ ಸಂಬಂಧ ಮಿಲ್ಲರ್ ಕಟ್ಟಿದ್ದು. ಅದನ್ನೇ ಇಡೀ ನಾಟಕ ಮಾಡಿಬಿಟ್ಟರೆ ಕೋರ್ಟು ಬರೀ ಹಿನ್ನೆಲೆಯ ಪರದೆ ಆಗಿಬಿಡುತ್ತದೆ.

ಊರಿನ ಬಣ್ಣ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಮೊದಲ ಪ್ರಯೋಗದಲ್ಲಿ ಹುಡುಗಿಯರ ಕಿರುಚಾಟಕ್ಕೆ ಚೆಂಡೆ ಇಟ್ಟೆ, ಮೈಮೇಲೆ ದರ್ಶನ ಬಂದ ಹಾಗೆ ನಡುಗಿಸಿದೆ. ಎದುರು ಸಾಲಿನ ಅಜ್ಜಿಯೊಬ್ಬರು ಕೈ ಮುಗಿದರು, ಹಿಂದಿನ ಹುಡುಗರು ನಕ್ಕರು. ಎರಡೂ ನನ್ನದೇ ತಪ್ಪು. ದೈವದ ನುಡಿಗೆ ನಮ್ಮವರು ನ್ಯಾಯ ಕೇಳಿಕೊಂಡು ಹೋಗುತ್ತಾರೆ, ಅಬಿಗೈಲ್ ಬಾಯಿಂದ ಬರುವುದು ಶುದ್ಧ ಸುಳ್ಳು. ಇವನ್ನು ಬೆರೆಸಿದರೆ ಕೆಡುವುದು ಎರಡೂ. ಬೇಕಿದ್ದರೆ ಮೊದಲ ಅಂಕದ ಪಿಸುಮಾತಿಗೆ ನಮ್ಮ ಕೈಮದ್ದಿನ ಗುಮಾನಿ ತನ್ನಿ, ಅನ್ನದಲ್ಲಿ ಏನೋ ಹಾಕಿದ್ದಾಳಂತೆ ಅಂತ. ಆ ‘ಅಂತೆ’ ನಮ್ಮ ಅಡುಗೆಮನೆಗಳಿಗೆ ಹೊಸತಲ್ಲ.

ನ್ಯಾಯಾಧೀಶನ ಹೆಗಲಿಗೆ ಯಾವುದೋ ಪಕ್ಷದ ಶಾಲು ಹೊದೆಸುವ ಸಲಹೆಯೂ ಬರುತ್ತದೆ. ಬೇಡ. ಶಾಲು ಕಂಡ ತಕ್ಷಣ ಅರ್ಧ ಸಭೆ ‘ಇದು ಅವರ ಬಗ್ಗೆ’ ಅಂತ ಆರಾಮಾಗಿ ಒರಗಿ ಕೂರುತ್ತದೆ.

ಮೂರನೇ ಅಂಕಕ್ಕೆ ಹೆಚ್ಚು ದಿನ ಕೊಡಿ. ಜಂತಿಯ ಮೇಲೆ ಹಳದಿ ಹಕ್ಕಿ ಕೂತಿದೆ ಎಂದು ಅಬಿಗೈಲ್ ತೋರಿಸುವಾಗ ಹುಡುಗಿಯರ ಕಣ್ಣುಗಳೆಲ್ಲ ಒಂದೇ ಕಡೆ ನಿಲ್ಲಬೇಕು. ನಮ್ಮ ಹುಡುಗಿಯರು ನಾಲ್ಕು ದಿಕ್ಕಿಗೆ ನೋಡುತ್ತಿದ್ದರು, ನಾಲ್ಕು ಹಕ್ಕಿ ಆದವು. ಕುಂಜಿಬೆಟ್ಟಿನಲ್ಲಿ ತಾಲೀಮು ನಡೆಸುತ್ತಿದ್ದ ಹಾಲಿನಲ್ಲಿ ಮೂರನೇ ಫ್ಯಾನಿಗೆ ಅರಸಿನ ಬಣ್ಣದ ರಿಬ್ಬನ್ ಕಟ್ಟಿದೆ. ಐದು ದಿನ ಅದನ್ನೇ ನೋಡಿದರು, ಆರನೇ ದಿನ ಬಿಚ್ಚಿದೆ, ಕಣ್ಣು ಕದಲಲಿಲ್ಲ. ಕಿರುಚುವುದನ್ನು ಕೊನೆಗೆ ಕಲಿಸಿ. ಮೊದಲು, ಇದೆಲ್ಲ ನಟನೆ ಎಂದು ಕೋರ್ಟಿಗೆ ಹೇಳಲು ಬಂದ ಮೇರಿಯ ಮಾತನ್ನು ಸಣ್ಣ ದನಿಯಲ್ಲಿ, ಒಟ್ಟಿಗೆ, ಪುನಃ ಹೇಳುವುದು ಬರಲಿ. ಹೆದರಿಕೆ ಹುಟ್ಟುವುದು ಅಲ್ಲಿ.

ಕೊನೆಯಲ್ಲಿ ಪ್ರಾಕ್ಟರ್ ಸುಳ್ಳು ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾನೆ, ಬೇರೆಯವರ ಹೆಸರು ಹೇಳುವುದಿಲ್ಲ. ಕಾಗದವನ್ನು ಚರ್ಚಿನ ಬಾಗಿಲಿಗೆ ಹೊಡೆಯುತ್ತಾರೆಂದಾಗ ಕೊಡಲೊಲ್ಲದೆ ಹರಿಯುತ್ತಾನೆ. ಹಳೇ ಕಾಲದ್ದು ಕಾಣಲಿ ಅಂತ ನಾನು ಕೈಕಾಗದ ತಂದಿದ್ದೆ. ಬಟ್ಟೆಯ ಹಾಗೆ ಎಳೆದುಕೊಂಡಿತು, ಹರಿಯಲೇ ಇಲ್ಲ! ಪಾಪ, ನಟ ಉಂಡೆ ಮಾಡಿ ಎಸೆದ. ಈಗ ಹಳೇ ಲೆಡ್ಜರಿನ ಹಾಳೆ ಬಳಸುತ್ತೇನೆ, ಚಹಾದ ನೀರಲ್ಲಿ ಅದ್ದಿ, ಪೂರ್ತಿ ಒಣಗಿಸಿ. ತಾಲೀಮಿಗೇ ಇಪ್ಪತ್ತು ಹಾಳೆ ಬೇಕು. ಸಹಿ ನಿಜವಾದ ಶಾಯಿಯಲ್ಲೇ ಹಾಕಲಿ, ನಿಬ್ಬು ಕೆರೆಯುವುದು ಕೇಳಲಿ. ಆ ಹೊತ್ತಿಗೆ ಹಾಲಿನ ಫ್ಯಾನೆಲ್ಲ ಆಫ್ ಮಾಡಿಸಿ, ಮೈಕನ್ನು ಮೇಜಿನ ಅಡಿಗೆ ಕಟ್ಟಿ.