ಕೆನಡಾದ ಒಂಟಾರಿಯೋಗೆ ಹೊಸಬರಾ? ಕಾರ್ ನೋಡೋಕೆ ಮುಂಚೆ ಇನ್ಶೂರೆನ್ಸ್ ಕೋಟ್ ತಗೊಳ್ಳಿ

ಊರಿಂದ ಬಂದು ಇನ್ನೂ ತಿಂಗಳಾಗಿರಲ್ಲ, "ಅಣ್ಣ ಒಂದು ಕಾರ್ ನೋಡಿದೀನಿ, 2017 ಸಿವಿಕ್, ಜಾಸ್ತಿ ಓಡಿಲ್ಲ, ತಗೊಳ್ಳಲಾ" ಅಂತ ಫೋನ್ ಬರತ್ತೆ. ಇನ್ಶೂರೆನ್ಸ್ ಕೋಟ್, ಅಂದ್ರೆ ಎಷ್ಟು ದುಡ್ಡಾಗತ್ತೆ ಅಂತ ಕಂಪನಿ ಹೇಳೋ ರೇಟು, ತಗೊಂಡ್ಯಾ ಅಂತ ನಾನು ಕೇಳ್ತೀನಿ. ಇಲ್ಲ ಅಂತಾರೆ. ಬೈಯೋಕೆ ಬಾಯಿ ಬರಲ್ಲ, ಯಾಕಂದ್ರೆ ನಾನೂ ಹಂಗೇ ಮಾಡಿದ್ದೆ.

ಮಿಸ್ಸಿಸಾಗಾದಲ್ಲಿ ಒಂದು ಶನಿವಾರ ಸಾಯಂಕಾಲ, ಅಡ್ವಾನ್ಸ್ ಕೊಟ್ಟು ಡೀಲರ್ ಮುಂದೆ ಕೂತಿದ್ದೆ, "ಪಿಂಕ್ ಸ್ಲಿಪ್ ತೋರಿಸಿ, ಕೀ ಕೊಡ್ತೀನಿ" ಅಂದ. ಬೆಂಗಳೂರಲ್ಲಿ ಐಟಿ ಕಂಪನಿಯಲ್ಲಿದ್ದವನಿಗೆ ಪಿಂಕ್ ಸ್ಲಿಪ್ ಅಂದ್ರೆ ಕೆಲಸದಿಂದ ತೆಗೆಯೋ ಚೀಟಿ, ಎದೆ ಧಸಕ್ ಅನ್ನಲ್ವಾ! ಇಲ್ಲಿ ಅದು ಇನ್ಶೂರೆನ್ಸ್ ಕಾರ್ಡ್ ಅಷ್ಟೇ. ಅವನ ಟೇಬಲ್ ಹತ್ರನೇ ಕೂತು ಮೊದಲು ಸಿಕ್ಕಿದ ಕಂಪನಿಗೆ ಫೋನ್ ಮಾಡ್ದೆ, ತಿಂಗಳಿಗೆ 412 ಡಾಲರ್ ಅಂದ್ರು, ಕಾರಿನ ಕಂತೇ 290 ಇತ್ತು, ಹೆಂಡ್ತಿ ಮಗು ಎತ್ಕೊಂಡು ಬಾಗಿಲ ಹತ್ರ ನಿಂತಿದ್ಲು, ಕತ್ತಲಾಗ್ತಿತ್ತು, ಹೂಂ ಅಂದುಬಿಟ್ಟೆ. ನಾಲ್ಕು ತಿಂಗಳಾದ್ಮೇಲೆ ಅದೇ ಕಾರ್, ಅದೇ ಮನೆ, ಇನ್ನೊಂದು ಕಡೆ 286ಕ್ಕೆ ಸಿಕ್ತು. ವ್ಯತ್ಯಾಸ ಮಾಡಿದ್ದು ಎರಡು ಕಾಗದ.

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ನಮ್ಮಲ್ಲಿ ಇನ್ಶೂರೆನ್ಸ್ ಕಾರಿಗೆ, ಥರ್ಡ್ ಪಾರ್ಟಿ ರೇಟು ಎಂಜಿನ್ ಎಷ್ಟು ಸಿಸಿ ಅಂತ ನೋಡಿ ಸರ್ಕಾರವೇ ಗೊತ್ತು ಮಾಡತ್ತೆ, ಓಡಿಸೋನು ಯಾರು ಅಂತ ಯಾರೂ ಕೇಳಲ್ಲ. ಇಲ್ಲಿ ಮೊದಲು ನೋಡೋದೇ ಓಡಿಸೋ ಮನುಷ್ಯನ್ನ. ಹದಿನೈದು ವರ್ಷ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಓಡಿಸಿದ್ರೂ ಕಾಗದ ಇಲ್ಲಾಂದ್ರೆ ನೀವು ಹದಿನಾರರ ಹುಡುಗನ ಪಕ್ಕದಲ್ಲೇ.

ಮೊದಲನೇ ಕಾಗದ ಲೈಸೆನ್ಸ್ ಅನುಭವದ್ದು. ಇಲ್ಲಿ ವಾಸಕ್ಕೆ ಬಂದ್ಮೇಲೆ ಊರಿನ ಲೈಸೆನ್ಸ್ ಮೇಲೆ 60 ದಿನ ಓಡಿಸಬಹುದು, ಅಷ್ಟರಲ್ಲಿ ಒಂಟಾರಿಯೋ ಲೈಸೆನ್ಸ್ ಕೆಲಸ ಶುರು ಮಾಡ್ಬೇಕು. ಇಲ್ಲಿ ಜಿ1, ಜಿ2, ಜಿ ಅಂತ ಮೂರು ಮೆಟ್ಟಿಲು, ಜಿ1 ಕಲಿಯೋರದ್ದು, ಜಿ2 ನಡುವಿನದು, ಜಿ ಅಂದ್ರೆ ಪೂರ್ತಿ ಲೈಸೆನ್ಸ್. ಬರೀ ಊರಿನ ಕಾರ್ಡ್ ತೋರಿಸಿದ್ರೆ 12 ತಿಂಗಳ ಅನುಭವದ ತನಕ ಒಪ್ತಾರೆ, ಥಿಯರಿ ಪಾಸಾಗಿ ಜಿ2 ರೋಡ್ ಟೆಸ್ಟ್‌ಗೆ ಹೋಗ್ಬಹುದು. ಎರಡು ವರ್ಷಕ್ಕಿಂತ ಜಾಸ್ತಿ ಅನುಭವ ಇದೆ ಅಂತ ಆರ್‌ಟಿಓ ಇಂದನೋ ಇಲ್ಲಿನ ಭಾರತೀಯ ಕಾನ್ಸುಲೇಟ್ ಇಂದನೋ ಲೆಟರ್‌ಹೆಡ್ ಮೇಲೆ ಪತ್ರ ತಂದ್ರೆ ಸೀದಾ ಜಿ ಟೆಸ್ಟ್. ಪ್ರೀಮಿಯಂನಲ್ಲಿ ಜಿ2ಗೂ ಜಿಗೂ ಒಳ್ಳೇ ವ್ಯತ್ಯಾಸ ಇರತ್ತೆ. ಊರು ಬಿಡೋಕೆ ಮುಂಚೆನೇ ನಿಮ್ಮ ಕಾರ್ಡ್ ತೆಗೆದು ನೋಡಿ, ರಿನ್ಯೂ ಮಾಡ್ಸಿದ್ರೆ ಮೊದಲು ಕೊಟ್ಟ ದಿನಾಂಕ ಅದರಲ್ಲಿ ಇದೆಯಾ ಅಂತ.

ಎರಡನೇದು ಊರಿನ ಇನ್ಶೂರೆನ್ಸ್ ಕಂಪನಿಯಿಂದ ಪತ್ರ: ನಿಮ್ಮ ಹೆಸರು, ಪಾಲಿಸಿ ನಂಬರ್, ಯಾವ ತಾರೀಖಿಂದ ಯಾವ ತಾರೀಖಿನ ತನಕ, ಕ್ಲೇಮ್ ಆಗಿಲ್ಲ ಅಂತ. ಕಾರ್ ಅಪ್ಪನ ಹೆಸರಲ್ಲಿದ್ರೆ ಈ ಪತ್ರದಿಂದ ನಿಮಗೆ ಹೆಚ್ಚೇನೂ ಆಗಲ್ಲ. ಇದನ್ನ ಕೆಲವು ಕಂಪನಿ ಕಣ್ಣೆತ್ತಿಯೂ ನೋಡಲ್ಲ, ಕೆಲವು ಒಂದಷ್ಟು ವರ್ಷ ಲೆಕ್ಕಕ್ಕೆ ತಗೊಳ್ತವೆ, ಅದಕ್ಕೇ ಪ್ರತಿ ಕಡೆಯೂ ಬಾಯಿಬಿಟ್ಟು ಕೇಳ್ಬೇಕು, ಅವರಾಗೇ ಹೇಳಲ್ಲ. ನಂಗೆ 286 ಆಗಿದ್ದು ಜಿ ಪಾಸಾಗಿ, ತಮ್ಮನ್ನ ಕಳಿಸಿ ಈ ಪತ್ರ ತರಿಸ್ಕೊಂಡ್ಮೇಲೆ.

ಎಲ್ಲಿ ಕೇಳೋದು? ಇಲ್ಲಿ ಬ್ರಿಟಿಷ್ ಕೊಲಂಬಿಯಾ ಥರ ಸರ್ಕಾರಿ ಇನ್ಶೂರೆನ್ಸ್ ಇಲ್ಲ, ಎಲ್ಲಾ ಖಾಸಗಿ. ಟಿಡಿ, ಬೆಲೇರ್‌ಡೈರೆಕ್ಟ್ ಥರದವರು ನೇರ ಮಾರ್ತಾರೆ, ಬ್ರೋಕರ್ ಆದ್ರೆ ಹಲವು ಕಂಪನಿ ರೇಟು ಒಟ್ಟಿಗೆ ತೆಗೀತಾನೆ, ಅವನ ಕಮಿಷನ್ ಕಂಪನಿ ಕೊಡತ್ತೆ. ನನ್ನ ಲೆಕ್ಕದಲ್ಲಿ ಹೊಸಬರಿಗೆ ಬ್ರೋಕರೇ ವಾಸಿ, ಊರಿನ ಅನುಭವ ಯಾರು ಒಪ್ತಾರೆ ಅಂತ ಅವನಿಗೆ ಗೊತ್ತಿರತ್ತೆ. ಆದ್ರೂ ನೇರ ಮಾರೋರ ಹತ್ರನೂ ಎರಡು ಕೋಟ್ ತಗೊಳ್ಳಿ, ಆಫೀಸಿನ ಗ್ರೂಪ್ ಡಿಸ್ಕೌಂಟ್ ಇದೆಯಾ ಕೇಳಿ. ವಾಟ್ಸಾಪ್‌ನಲ್ಲಿ "ಅರ್ಧ ರೇಟಿಗೆ ಕೊಡಿಸ್ತೀನಿ, ಕ್ಯಾಶ್ ಕೊಡಿ" ಅನ್ನೋನ ಸಹವಾಸ ಮಾತ್ರ ಬೇಡ. ಪೊಲೀಸ್ ಹಿಡಿದಾಗ ಆ ಕಾರ್ಡ್ ನಕಲಿ ಅಂತ ಗೊತ್ತಾಗತ್ತೆ, ಇನ್ಶೂರೆನ್ಸ್ ಇಲ್ದೆ ಓಡಿಸಿದ್ರೆ ಮೊದಲ ಸಲಕ್ಕೇ ದಂಡ 5,000 ಡಾಲರ್‌ನಿಂದ ಶುರು. ಬ್ರೋಕರ್ ಲೈಸೆನ್ಸ್ ಇದೆಯಾ ಅಂತ, ಆ ಲೈಸೆನ್ಸ್ ಕೊಡೋ ಸಂಸ್ಥೆ ರೀಬೋ (RIBO) ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡ್ಬಹುದು.

ಕೋಟ್ ಹೋಲಿಸೋವಾಗ ಎಲ್ಲಾ ಕಡೆ ಒಂದೇ ಕವರೇಜ್ ಹೇಳಿ, ಇಲ್ಲಾಂದ್ರೆ ಇಡ್ಲಿ ರೇಟನ್ನ ಮಸಾಲೆ ದೋಸೆಗೆ ಹೋಲಿಸಿದಂಗೆ. ಲಯಬಿಲಿಟಿ, ಅಂದ್ರೆ ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ ಕೊಡೋ ಕವರೇಜ್, ಕಾನೂನಿಗೆ 2 ಲಕ್ಷ ಡಾಲರ್ ಇದ್ರೆ ಸಾಕು ಆದ್ರೆ ಅಷ್ಟಕ್ಕೆ ಯಾರೂ ನಿಲ್ಲಬೇಡಿ, 10 ಲಕ್ಷ ಮಾಮೂಲಿ, 20 ಲಕ್ಷಕ್ಕೆ ಹೋದ್ರೂ ತಿಂಗಳಿಗೆ ಜಾಸ್ತಿ ಆಗೋದು ಸ್ವಲ್ಪನೇ. ತಪ್ಪು ಎದುರಿನವನದ್ದಾದ್ರೂ ನಿಮ್ಮ ಕಾರ್ ರಿಪೇರಿ ದುಡ್ಡು ನಿಮ್ಮ ಕಂಪನಿಯೇ ಕೊಡತ್ತೆ, ಅದಕ್ಕೆ ಡಿಸಿಪಿಡಿ ಅಂತಾರೆ. 2024ರಿಂದ ಅದನ್ನ ಬಿಟ್ಟುಬಿಡೋ ಅವಕಾಶ ಇದೆ, ನಾಲ್ಕು ಕಾಸು ಉಳಿಸೋಕೆ ಬಿಡಬೇಡಿ. ಸಾಲದ ಕಾರಿಗೆ ಕೊಲಿಷನ್ (ನಿಮ್ಮ ತಪ್ಪಿಂದ ಗುದ್ದಿದ್ರೂ ನಿಮ್ಮ ಕಾರ್ ರಿಪೇರಿಗೆ), ಕಾಂಪ್ರಿಹೆನ್ಸಿವ್ (ಕಳ್ಳತನ, ಬೆಂಕಿ ಥರದ್ದಕ್ಕೆ) ಎರಡೂ ಬೇಕು ಅಂತ ಸಾಲ ಕೊಟ್ಟೋರೇ ಹೇಳ್ತಾರೆ. ಕ್ಯಾಶ್ ಕೊಟ್ಟು ತಗೊಂಡ ಹಳೇ ಕಾರಾದ್ರೆ ಕೊಲಿಷನ್ ಬಿಡೋ ಯೋಚನೆ ಮಾಡ್ಬಹುದು. ಡಿಡಕ್ಟಿಬಲ್, ಅಂದ್ರೆ ಕ್ಲೇಮ್ ಮಾಡಿದಾಗ ಮೊದಲು ನಿಮ್ಮ ಜೇಬಿಂದ ಹೋಗೋ ದುಡ್ಡು, 500ರ ಬದಲು 1,000 ಮಾಡಿದ್ರೆ ಪ್ರೀಮಿಯಂ ಇಳಿಯತ್ತೆ, ಆದ್ರೆ ಆ ಸಾವಿರ ಬ್ಯಾಂಕಲ್ಲಿ ಇರ್ಬೇಕು.

ಇನ್ನೊಂದು ಹೊಸಾ ವಿಷ್ಯ, 2026ರ ಜುಲೈ 1ರಿಂದ ಆಕ್ಸಿಡೆಂಟ್ ಬೆನಿಫಿಟ್‌ನಲ್ಲಿ (ಅಪಘಾತದಲ್ಲಿ ಏಟಾದ್ರೆ ನಿಮ್ಮ ಪಾಲಿಸಿಯಿಂದ ಸಿಗೋ ನೆರವು) ಚಿಕಿತ್ಸೆ, ರಿಹ್ಯಾಬ್, ಆರೈಕೆ ಮಾತ್ರ ಕಡ್ಡಾಯ, ಉಳಿದಿದ್ದು ಬೇಕಾದ್ರೆ ತಗೊಳ್ಳಿ ಅಂತ. ಬಿಟ್ಟುಹೋಗೋದ್ರಲ್ಲಿ ಮುಖ್ಯವಾದ್ದು ಏಟಾಗಿ ಮನೇಲಿ ಮಲಗಿದ್ರೆ ವಾರಕ್ಕೆ 400 ಡಾಲರ್ ತನಕ ಸಂಬಳದ ಬದಲಿಗೆ ಬರೋ ದುಡ್ಡು. ಹೊಸಬರ ಮನೇಲಿ ಸಾಮಾನ್ಯ ಒಬ್ರದ್ದೇ ಸಂಬಳ, ಸಿಕ್ ಲೀವ್ ಅಷ್ಟಕ್ಕಷ್ಟೇ. ಇದನ್ನ ಇಟ್ಕೊಳ್ಳಿ.

ರೇಟು ಏರಿಸೋದು ಇನ್ನೆರಡು. ಒಂದು ಪೋಸ್ಟಲ್ ಕೋಡ್, ಬ್ರಾಂಪ್ಟನ್ ಊರಿಗೆ ಜಾಸ್ತಿ ರೇಟು, ಕಿಂಗ್‌ಸ್ಟನ್‌ಗೆ ಕಮ್ಮಿ. ಹಾಗಂತ ಕಿಂಗ್‌ಸ್ಟನ್‌ನಲ್ಲಿರೋ ಭಾವನ ಅಡ್ರೆಸ್ ಕೊಡಬೇಡಿ, ಕ್ಲೇಮ್ ದಿನ ಅಡ್ರೆಸ್ ಕೆದಕ್ತಾರೆ, ಸುಳ್ಳು ಅಂತಾದ್ರೆ ಕೈ ಎತ್ತಿಬಿಡ್ತಾರೆ. ಇನ್ನೊಂದು ಕಾರಿನ ಮಾಡೆಲ್. ಹೈಲ್ಯಾಂಡರ್, ಸಿಆರ್‌ವಿ ಥರದ ಗಾಡಿ ಕಳ್ಳರಿಗೆ ಪ್ರೀತಿ, ಅಂಥದ್ದಕ್ಕೆ ಜಾಸ್ತಿ ಕೇಳ್ತಾರೆ ಇಲ್ಲಾ ಟ್ರ್ಯಾಕರ್ ಹಾಕ್ಸಿ ಅಂತಾರೆ. ಅದಕ್ಕೇ ಕಾರ್ ಮನಸ್ಸಿಗೆ ಹಿಡಿಸಿದ ಕೂಡಲೇ ವಿನ್ ನಂಬರ್ (ಪ್ರತಿ ಗಾಡಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್) ಇಸ್ಕೊಂಡು ಕೋಟ್ ತೆಗೆಸಿ, ಅಡ್ವಾನ್ಸ್ ಆಮೇಲೆ.

ವಿಂಟರ್ ಟೈರ್ ನಾಲ್ಕೂ ಹಾಕ್ಸಿದ್ರೆ ಡಿಸ್ಕೌಂಟ್ ಕೊಡಲೇಬೇಕು ಅಂತ 2016ರಿಂದ ರೂಲ್ಸ್ ಇದೆ, ಕೇಳಿ ತಗೊಳ್ಳಿ. ಬಾಡಿಗೆ ಮನೆ ಇನ್ಶೂರೆನ್ಸ್ ಅದೇ ಕಂಪನಿಯಲ್ಲಿ ಮಾಡ್ಸಿದ್ರೆ ಸ್ವಲ್ಪ ಇಳಿಯತ್ತೆ. ಊಬರ್ ಈಟ್ಸ್ ಮಾಡೋ ಹುಡುಗ್ರು ಕಂಪನಿಗೆ ಮೊದಲೇ ಹೇಳ್ಬೇಕು, ಮಾಮೂಲಿ ಪಾಲಿಸಿ ಡೆಲಿವರಿಗೆ ನಡೆಯಲ್ಲ. ಹೆಂಡ್ತಿಗೆ ಲೈಸೆನ್ಸ್ ಬಂದ್ರೆ ಅದನ್ನೂ ಹೇಳಿ. ಕಂತು ಕಟ್ಟೋ ದಿನ ಅಕೌಂಟಲ್ಲಿ ದುಡ್ಡಿರಲಿ, ಕಟ್ಟಿಲ್ಲ ಅಂತ ಪಾಲಿಸಿ ಕ್ಯಾನ್ಸಲ್ ಆಯ್ತಂದ್ರೆ ಮುಂದಿನ ಕಂಪನಿಯೂ ಅದನ್ನೇ ಎತ್ತಿ ಆಡತ್ತೆ.

ಜಿ2 ಇಟ್ಕೊಂಡು ಪಾಲಿಸಿ ಶುರು ಮಾಡಿದ್ರೆ, ಜಿ ಟೆಸ್ಟ್ ಪಾಸಾದ ದಿನ ಪಾರ್ಕಿಂಗ್ ಲಾಟಿಂದಲೇ ಬ್ರೋಕರ್‌ಗೆ ಫೋನ್ ಮಾಡಿ. ನೀವು ಹೇಳೋ ತನಕ ಅವರು ಹಳೇ ರೇಟೇ ಕಿತ್ಕೊಳ್ತಾ ಇರ್ತಾರೆ.